ಮಾನಸಿಕ ಒತ್ತಡ ಮತ್ತು ತಾಳಿಕೆಯ ಮಾಪನ

ಮಾನಸಿಕ ಒತ್ತಡ ಮತ್ತು ತಾಳಿಕೆಯ ಮಾಪನ ಎಂದರೆ ವ್ಯಕ್ತಿಯೊಬ್ಬರ ಮೇಲೆ ಬಿದ್ದಿರುವ ಒತ್ತಡದ ಪ್ರಮಾಣವನ್ನೂ ಅದನ್ನು ತಾಳಿಕೊಂಡು ಚೇತರಿಸಿಕೊಳ್ಳುವ ಶಕ್ತಿಯನ್ನೂ ಪ್ರಶ್ನಾವಳಿಗಳ ಮೂಲಕ ಅಂದಾಜು ಮಾಡುವ ಮನೋವಿಜ್ಞಾನದ ವಿಧಾನ. ಒತ್ತಡವನ್ನು ಅಳೆಯುವುದು ಬೇರೆ, ತಾಳಿಕೆಯನ್ನು ಅಳೆಯುವುದು ಬೇರೆ. ಹೊರೆಯ ತೂಕ ತಿಳಿದ ಮಾತ್ರಕ್ಕೆ ಹೊರುವವರ ಬಲ ತಿಳಿಯುವುದಿಲ್ಲ. ಈ ವ್ಯತ್ಯಾಸವನ್ನು ಗಮನಿಸದೆ ಅಂಕಗಳನ್ನು ಓದುವುದರಿಂದ ಅನಗತ್ಯ ಭಯವೋ ಹುಸಿ ಧೈರ್ಯವೋ ಉಂಟಾಗುತ್ತದೆ.

ಹಿನ್ನೆಲೆ

ಒತ್ತಡ, ಸ್ಥಿತಿಸ್ಥಾಪಕತ್ವ ಎಂಬ ಪದಗಳೆರಡೂ ಭೌತಶಾಸ್ತ್ರದಲ್ಲಿಯೂ ಬಳಕೆಯಲ್ಲಿವೆ. ಮೊದಲನೆಯದು ವಸ್ತುವಿನ ಮೇಲಿನ ಬಲಕ್ಕೂ, ಎರಡನೆಯದು ಬಲ ತೆಗೆದಾಗ ವಸ್ತು ಮೊದಲಿನ ರೂಪಕ್ಕೆ ಮರಳುವ ಗುಣಕ್ಕೂ ಸಂಬಂಧಿಸಿವೆ. ಜೀವಿಗಳ ದೇಹಕ್ಕೆ ಸಂಬಂಧಿಸಿದಂತೆ ಒತ್ತಡದ ಕಲ್ಪನೆಯನ್ನು ಪ್ರಚುರಪಡಿಸಿದವರು ಹಾನ್ಸ್ ಸೆಲ್ಯೆ. ಈ ಕುರಿತ ಅವರ ಪ್ರಸಿದ್ಧ ಟಿಪ್ಪಣಿ 1936ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮನೋವಿಜ್ಞಾನದಲ್ಲಿ ‘ರೆಸಿಲಿಯನ್ಸ್’ ಎಂದು ಕರೆಯುವ ಗುಣಕ್ಕೆ ಕನ್ನಡದಲ್ಲಿ ತಾಳಿಕೆ, ಚೇತರಿಕೆಯ ಶಕ್ತಿ, ಸ್ಥಿತಿಸ್ಥಾಪಕತ್ವ ಎಂಬ ಪದಗಳನ್ನು ಬಳಸಬಹುದು. ಮನುಷ್ಯನು ಕಷ್ಟದ ನಂತರ ಮೊದಲಿನ ರೂಪಕ್ಕೇ ಮರಳುವುದಿಲ್ಲವಾದ್ದರಿಂದ ಕೊನೆಯ ಪದ ಅಷ್ಟು ಒಪ್ಪುವುದಿಲ್ಲ.

ಜೀವನ ಘಟನೆಗಳ ಮಾಪಕ

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ 1967ರಲ್ಲಿ 43 ಜೀವನ ಘಟನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಮದುವೆಯನ್ನು ಅಳತೆಗೋಲಾಗಿ ಇಟ್ಟುಕೊಂಡು, ಅದಕ್ಕೆ ಹೋಲಿಸಿದರೆ ಪ್ರತಿ ಘಟನೆಗೆ ಹೊಂದಿಕೊಳ್ಳಲು ಎಷ್ಟು ಶ್ರಮ ಬೇಕು ಎಂದು 394 ಜನರನ್ನು ಕೇಳಿ ಅಂಕಗಳನ್ನು ನಿಗದಿಪಡಿಸಲಾಯಿತು. ಸಂಗಾತಿಯ ಮರಣಕ್ಕೆ 100, ವಿಚ್ಛೇದನಕ್ಕೆ 73, ಮದುವೆಗೆ 50, ನಿವೃತ್ತಿಗೆ 45 ಅಂಕಗಳು. ಸಂತೋಷದ ಘಟನೆಗಳೂ ಪಟ್ಟಿಯಲ್ಲಿರುವುದು ಇದರ ವೈಶಿಷ್ಟ್ಯ. ಬದಲಾವಣೆ ಒಳ್ಳೆಯದಾದರೂ ಅದಕ್ಕೆ ಹೊಂದಿಕೊಳ್ಳಲು ಶ್ರಮ ಬೇಕೆಂಬುದು ಇದರ ಆಧಾರ. ವರ್ಷದ ಮೊತ್ತ 300 ದಾಟಿದರೆ ಕಾಯಿಲೆಯ ಸಂಭವ ಹೆಚ್ಚು ಎಂಬ ವಿವರಣೆಯೊಂದಿಗೆ ಈ ಪಟ್ಟಿ ಇಂದಿಗೂ ಪ್ರಚಾರದಲ್ಲಿದೆ.

ಆದರೆ ರಾಹೆ ಮತ್ತು ಸಂಗಡಿಗರು ಅಮೆರಿಕದ ನೌಕಾಪಡೆಯ ಸುಮಾರು 2,500 ನಾವಿಕರನ್ನು ಅಧ್ಯಯನ ಮಾಡಿ 1970ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಂಕಕ್ಕೂ ಕಾಯಿಲೆಗೂ ಕಂಡುಬಂದ ಸಹಸಂಬಂಧ ಕೇವಲ 0.118. ಸಂಬಂಧವಿರುವುದು ನಿಜ, ಆದರೆ ಬಹಳ ದುರ್ಬಲ. ದೊಡ್ಡ ಗುಂಪಿನ ಬಗ್ಗೆ ಒಂದಿಷ್ಟು ಹೇಳಬಲ್ಲ ಈ ಅಂಕವು ಒಬ್ಬ ವ್ಯಕ್ತಿಯ ಭವಿಷ್ಯವನ್ನು ಹೇಳಲಾರದು.

ಭಾರತೀಯ ಮಾಪಕ

ಅಮೆರಿಕದ ಪಟ್ಟಿಯಲ್ಲಿ ಕ್ರಿಸ್‌ಮಸ್ ಹಬ್ಬಕ್ಕೂ 12 ಅಂಕಗಳಿವೆ. ಅದನ್ನು ಭಾರತದಲ್ಲಿ ಯಥಾವತ್ತಾಗಿ ಬಳಸುವುದು ಕಷ್ಟ. ಗುರ್ಮೀತ್ ಸಿಂಗ್, ದಲ್ಬೀರ್ ಕೌರ್ ಮತ್ತು ಹರ್ಶರಣ್ ಕೌರ್ ಅವರು 1984ರಲ್ಲಿ ಭಾರತೀಯ ಪರಿಸ್ಥಿತಿಗೆ ತಕ್ಕಂತೆ 51 ಘಟನೆಗಳ ಮಾಪಕವನ್ನು ಪ್ರಕಟಿಸಿದರು. ಇಲ್ಲಿಯೂ ಸಂಗಾತಿಯ ಮರಣವೇ ಮೊದಲು (95). ಆದರೆ ನಂತರದ ಸಾಲುಗಳನ್ನು ಓದಿದರೆ ಸಮಾಜದ ಚಿತ್ರವೇ ಬೇರೆ: ಮಕ್ಕಳಿಲ್ಲದಿರುವುದು, ಆಸ್ತಿ ಅಥವಾ ಬೆಳೆಯ ನಾಶ, ಅತ್ತೆ–ಮಾವಂದಿರೊಡನೆ ಮನಸ್ತಾಪ, ವರದಕ್ಷಿಣೆಯ ಜಗಳ, ಗಂಡುಮಗುವಿಲ್ಲದಿರುವುದು, ಮಗಳ ಅಥವಾ ಅವಲಂಬಿತ ತಂಗಿಯ ಮದುವೆ. ಜ್ಯೋತಿಷಿಯ ಭವಿಷ್ಯವಾಣಿ ಕೂಡ ಒತ್ತಡದ ಕಾರಣವಾಗಿ ಪಟ್ಟಿಯಲ್ಲಿ ಸ್ಥಾನ ಪಡೆದಿದೆ. ಯಾವುದನ್ನು ಒತ್ತಡವೆಂದು ಎಣಿಸಬೇಕು ಎಂಬುದನ್ನು ಆಯಾ ಸಮಾಜವೇ ನಿರ್ಧರಿಸುತ್ತದೆ ಎನ್ನಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ವಿರಳ.

ಈ ಅಧ್ಯಯನದ ಇನ್ನೊಂದು ಅಂಶ ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಜನರು ಜೀವಿತಾವಧಿಯಲ್ಲಿ ಸರಾಸರಿ ಹತ್ತು ಸಾಮಾನ್ಯ ಒತ್ತಡದ ಘಟನೆಗಳನ್ನು ದೇಹಕ್ಕಾಗಲಿ ಮನಸ್ಸಿಗಾಗಲಿ ಎದ್ದುಕಾಣುವ ತೊಂದರೆಯಿಲ್ಲದೆ ಅನುಭವಿಸುತ್ತಾರೆ ಎಂದು ಅದು ಕಂಡುಕೊಂಡಿತು.

ಗ್ರಹಿತ ಒತ್ತಡದ ಮಾಪಕ

ಘಟನೆಗಿಂತ ಅದನ್ನು ವ್ಯಕ್ತಿ ಹೇಗೆ ಗ್ರಹಿಸುತ್ತಾರೆ ಎಂಬುದು ಮುಖ್ಯ ಎಂಬ ದೃಷ್ಟಿಯಿಂದ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 1983ರಲ್ಲಿ ಇನ್ನೊಂದು ಮಾಪಕವನ್ನು ರೂಪಿಸಿದರು. ಈಗ ಹೆಚ್ಚು ಬಳಕೆಯಲ್ಲಿರುವುದು ಅದರ ಹತ್ತು ಪ್ರಶ್ನೆಗಳ ರೂಪ. ಕಳೆದ ಒಂದು ತಿಂಗಳಲ್ಲಿ ಬದುಕು ಕೈಮೀರಿದೆ ಎಂದು ಎಷ್ಟು ಬಾರಿ ಅನಿಸಿತು ಎಂಬ ಬಗೆಯ ಪ್ರಶ್ನೆಗಳಿಗೆ 0ಯಿಂದ 4ರವರೆಗೆ ಅಂಕ. ಗರಿಷ್ಠ ಮೊತ್ತ 40. ಇದು ರೋಗನಿರ್ಣಯದ ಸಾಧನವಲ್ಲ.

ತಾಳಿಕೆಯ ಮಾಪಕಗಳು

ತಾಳಿಕೆಯ ಅಧ್ಯಯನಕ್ಕೆ ತಳಹದಿ ಹಾಕಿದವರಲ್ಲಿ ಎಮ್ಮಿ ವರ್ನರ್ ಪ್ರಮುಖರು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಜನಿಸಿದ 698 ಮಕ್ಕಳ ಬದುಕನ್ನು ಅವರು ಮತ್ತು ಸಹೋದ್ಯೋಗಿಗಳು ದಶಕಗಳ ಕಾಲ ಅನುಸರಿಸಿದರು. ಬಡತನ, ಕುಟುಂಬ ಕಲಹ ಮೊದಲಾದ ಹಲವು ಪ್ರತಿಕೂಲಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಭಾಗ ಸಮರ್ಥ ವಯಸ್ಕರಾದರು. ಅವರ ಬದುಕಿನಲ್ಲಿ ಕಂಡುಬಂದ ಅಂಶಗಳಲ್ಲಿ ಒಂದು, ಭರವಸೆಗೆ ಒದಗಿದ ಹಿರಿಯರೊಬ್ಬರು: ಅಜ್ಜಿ, ನೆರೆಯವರು ಅಥವಾ ಶಿಕ್ಷಕರು.

ಕ್ಯಾಥ್ರಿನ್ ಕಾನರ್ ಮತ್ತು ಜೊನಾಥನ್ ಡೇವಿಡ್‌ಸನ್ 2003ರಲ್ಲಿ 25 ಹೇಳಿಕೆಗಳ ಮಾಪಕವನ್ನು ಪ್ರಕಟಿಸಿದರು. ಅದರ ಗರಿಷ್ಠ ಮೊತ್ತ 100. ಬ್ರೂಸ್ ಸ್ಮಿತ್ ಮತ್ತು ಸಂಗಡಿಗರು 2008ರಲ್ಲಿ ಹೊರತಂದ ಕಿರು ಮಾಪಕದಲ್ಲಿ ಆರೇ ಹೇಳಿಕೆಗಳಿವೆ.

ಮಿತಿಗಳು

ಇವೆಲ್ಲವೂ ಸ್ವಯಂ ವರದಿಗಳು. ಉತ್ತರಿಸುವ ದಿನದ ಮನಃಸ್ಥಿತಿಯೂ, ಒಳ್ಳೆಯವರಾಗಿ ಕಾಣಬೇಕೆಂಬ ಬಯಕೆಯೂ ಉತ್ತರದಲ್ಲಿ ಸೇರಿಕೊಳ್ಳುತ್ತವೆ. ಭಾಷೆಯದು ಮತ್ತೊಂದು ತೊಡಕು. ಮನಸ್ಸಿನ ಸಂಕಟವನ್ನು ತಲೆಭಾರ, ಎದೆಯುರಿ, ಸುಸ್ತು, ನಿದ್ರೆ ಹತ್ತದಿರುವುದು ಎಂದು ದೇಹದ ಮಾತಿನಲ್ಲಿ ಹೇಳುವವರು ಭಾರತದಲ್ಲಿ ಬಹಳ. ಇಂಗ್ಲಿಷ್ ಪ್ರಶ್ನೆಗಳ ನೇರ ಅನುವಾದಕ್ಕೆ ಈ ಮಾತುಗಳು ಸಿಗುವುದಿಲ್ಲ.

ಅತಿ ಗಂಭೀರವಾದ ಮಿತಿ ಬೇರೆಯೇ ಇದೆ. ತಾಳಿಕೆಯ ಅಂಕವು ವ್ಯಕ್ತಿ ಸುರಕ್ಷಿತವಾಗಿದ್ದಾರೆಯೇ ಎಂಬುದನ್ನು ತಿಳಿಸುವುದಿಲ್ಲ. ಮನೆಯಲ್ಲಿ ಹೊಡೆತ ತಿನ್ನುತ್ತಿರುವ ಮಹಿಳೆಗೆ, ಕಚೇರಿಯಲ್ಲಿ ನಿತ್ಯ ಅವಮಾನಕ್ಕೊಳಗಾಗುವ ನೌಕರನಿಗೆ ಉತ್ತಮ ಅಂಕ ಬರಬಹುದು. ಅವರು ಅದನ್ನು ಇನ್ನೂ ಸಹಿಸಬಲ್ಲರು ಎಂದು ಓದುವುದು ಮಾಪಕದ ದುರುಪಯೋಗ. ಅಲ್ಲಿ ಬದಲಾಗಬೇಕಾದುದು ಪರಿಸ್ಥಿತಿ.

ನೆರವು

ಎರಡು ವಾರ ಮೀರಿ ಮನಸ್ಸು ಕುಗ್ಗಿರುವುದು, ನಿದ್ರೆ–ಹಸಿವು ಕೆಡುವುದು, ನಿತ್ಯದ ಕೆಲಸದಲ್ಲಿ ಆಸಕ್ತಿ ಹೋಗುವುದು ಇದ್ದರೆ ಅಂಕ ಎಷ್ಟೇ ಇರಲಿ ವೈದ್ಯರನ್ನು ಕಾಣಬೇಕು. ಸಾವಿನ ಆಲೋಚನೆ ಸುಳಿದರೆ ಎರಡು ವಾರ ಕಾಯದೆ ಅಂದೇ ನೆರವು ಪಡೆಯಬೇಕು. ಭಾರತ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ದೂರವಾಣಿ ಸೇವೆಯ (ಸಂಖ್ಯೆ 14416) ಕೇಂದ್ರ ಸಂಸ್ಥೆ ಬೆಂಗಳೂರಿನ ನಿಮ್ಹಾನ್ಸ್. ಈ ಸೇವೆ ಉಚಿತವಾಗಿದ್ದು, ದಿನದ 24 ಗಂಟೆಯೂ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು.