ಹೊಣೆಪತ್ರವೂ ಹೊಣೆಯೂ: ಹೆನಿಂಗ್‌ಸನ್ ವ್ಯಾಜ್ಯದ ವಿಚಾರ

ಮಾರುವವನು ಕೊಡುವ ‘ವಾರಂಟಿ’ ಎಂಬ ಹೊಣೆಪತ್ರವು ಕೊಳ್ಳುವವನ ರಕ್ಷಣೆಗಾಗಿ ಹುಟ್ಟಿದುದೆಂದು ಸಾಮಾನ್ಯವಾದ ತಿಳಿವಳಿಕೆ. ಅಮೆರಿಕದ ಮೋಟಾರು ಕಾರ್ಖಾನೆಯವರ ಕೈಯಲ್ಲಿ ಅದು ಹೊಣೆಯನ್ನು ಕಳಚಿಕೊಳ್ಳುವ ಸಾಧನವಾಗಿ ಪರಿಣಮಿಸಿದ್ದಿತೆಂಬುದಕ್ಕೆ ನ್ಯೂಜರ್ಸಿ ಸಂಸ್ಥಾನದ ಹೆನಿಂಗ್‌ಸನ್ ವ್ಯಾಜ್ಯವು ಪ್ರಮಾಣವಾಗಿದೆ.

1955ನೆಯ ಇಸವಿ ಮೇ ತಿಂಗಳಲ್ಲಿ ಹೆನಿಂಗ್‌ಸನ್ ದಂಪತಿಗಳು ಬ್ಲೂಮ್‌ಫೀಲ್ಡ್ ಮೋಟಾರ್ಸ್ ಎಂಬ ಅಂಗಡಿಯಲ್ಲಿ, ಕ್ರೈಸ್ಲರ್ ಕಂಪೆನಿಯವರು ನಿರ್ಮಿಸಿದ ಪ್ಲಿಮತ್ ಗಾಡಿಯೊಂದನ್ನು ಕೊಂಡರು. 9ನೆಯ ತಾರೀಖು ಕೈಸೇರಿದ ಆ ಗಾಡಿಯನ್ನು 19ನೆಯ ತಾರೀಖು ಪತ್ನಿಯು ನಡೆಸುತ್ತಿದ್ದಾಗ, ಮುಂಭಾಗದ ಕೆಳಗಡೆ ದೊಡ್ಡ ಸದ್ದಾಗಿ, ಸ್ಟಿಯರಿಂಗ್ ಚಕ್ರವು ಕೈಯಲ್ಲಿ ಗಿರ್ರನೆ ತಿರುಗಿ, ಗಾಡಿಯು ಬಲಕ್ಕೆ ಸರಿದು ಇಟ್ಟಿಗೆಯ ಗೋಡೆಗೆ ಬಡಿಯಿತು. ಅದುವರೆಗೆ ಅದು ಓಡಿದ್ದುದು 468 ಮೈಲಿ ಮಾತ್ರ.

ದಂಪತಿಗಳು ದಾವೆ ಹೂಡಲಾಗಿ, ಪ್ರತಿವಾದಿಗಳು ಕರಾರುಪತ್ರದ ಹಿಂಬದಿಯ ಸಣ್ಣಕ್ಷರಗಳನ್ನು ಮುಂದೊಡ್ಡಿದರು. 90 ದಿನ ಅಥವಾ 4,000 ಮೈಲಿ, ಇವುಗಳಲ್ಲಿ ಮೊದಲು ಮುಗಿಯುವ ಅವಧಿಯೊಳಗೆ ಕೆಟ್ಟ ಭಾಗವನ್ನು ಸಾಗಣೆಯ ವೆಚ್ಚ ತೆತ್ತು ಕಳುಹಿಸಿದರೆ, ದೋಷವು ಕಾರ್ಖಾನೆಯವರಿಗೇ ಮನವರಿಕೆಯಾದಲ್ಲಿ ಬದಲಿ ಭಾಗವನ್ನು ಕೊಡುವರು. ಬೇರಾವ ಹೊಣೆಯೂ ಇಲ್ಲ ಎಂಬುದು ಅದರ ತಾತ್ಪರ್ಯ. ಆರೋಪಕ್ಕೆ ಗುರಿಯಾದವನೇ ನ್ಯಾಯಾಧಿಪತಿಯ ಪೀಠವನ್ನೇರಿದಂತಾಯಿತು! ಕೊಂಡವರಿಗೂ ಕಾರ್ಖಾನೆಗೂ ನೇರವಾದ ಕರಾರಿಲ್ಲವೆಂಬುದು ಇನ್ನೊಂದು ಆಕ್ಷೇಪ. ಮೇಲಾಗಿ, ಮುಂಭಾಗವು ಜಜ್ಜಿಹೋಗಿದ್ದುದರಿಂದ ದೋಷವು ಮೊದಲೇ ಇದ್ದಿತೆಂದು ಯಂತ್ರವನ್ನು ಬಿಚ್ಚಿ ತೋರಿಸುವುದು ಅಶಕ್ಯವಾಗಿದ್ದಿತು.

ಸಂಸ್ಥಾನದ ಪರಮೋಚ್ಚ ನ್ಯಾಯಾಲಯವು 1960ನೆಯ ಇಸವಿ ಮೇ 9ರಂದು ಈ ವಾದಗಳನ್ನು ತಳ್ಳಿಹಾಕಿತು. ಸಹಿ ಹಾಕಿದವನು ಕರಾರಿಗೆ ಬದ್ಧನೆಂಬ ಹಳೆಯ ನಿಯಮವನ್ನು ನ್ಯಾಯಮೂರ್ತಿ ಫ್ರಾನ್ಸಿಸರು ಮರೆತವರಲ್ಲ. ಆದರೆ 1958ರಲ್ಲಿ ದೇಶದ ಪ್ರಯಾಣಿಕ ಗಾಡಿಗಳಲ್ಲಿ ಶೇಕಡ 93.5ರಷ್ಟನ್ನು ಮೂರೇ ಕಂಪೆನಿಗಳು ನಿರ್ಮಿಸುತ್ತಿದ್ದುವು. ಅವುಗಳ ಹೊಣೆಪತ್ರವೂ ಒಂದೇ. ಯಾವ ಅಂಗಡಿಗೆ ಹೋದರೂ ಅದೇ ಪತ್ರ ದೊರೆಯುವಲ್ಲಿ ಒಪ್ಪಿಗೆಯೆಂಬ ಮಾತಿಗೆ ಅರ್ಥವೇನು? ಆದುದರಿಂದ ಆ ನಿರಾಕರಣವು ಸಾರ್ವಜನಿಕ ಹಿತಕ್ಕೆ ವಿರುದ್ಧವಾಗಿ ಅಸಿಂಧುವೆನಿಸಿತು. ಹೊಸ ಗಾಡಿಯ ವರ್ತನೆಯಿಂದಲೇ ದೋಷವನ್ನು ಊಹಿಸಬಹುದೆಂದೂ ನಿರ್ಣಯವಾಯಿತು.

1916ರ ಮ್ಯಾಕ್‌ಫರ್ಸನ್ ವ್ಯಾಜ್ಯದಲ್ಲಿ, ನೇರವಾದ ಕರಾರಿಲ್ಲದಿದ್ದರೂ ಅಜಾಗ್ರತೆಗೆ ಕಾರ್ಖಾನೆಯು ಹೊಣೆಯೆಂದು ನ್ಯೂಯಾರ್ಕಿನಲ್ಲಿ ತೀರ್ಪಾಗಿದ್ದಿತು. ಹೆನಿಂಗ್‌ಸನ್ ತೀರ್ಪಾದರೋ ಅಜಾಗ್ರತೆಯನ್ನು ಸಾಧಿಸದೆಯೇ ಹೊಣೆಯನ್ನು ನಿಲ್ಲಿಸಿತು. ಅದರ ವೈಶಿಷ್ಟ್ಯವು ಇಲ್ಲಿದೆ. 1975ರ ಮ್ಯಾಗ್ನುಸನ್–ಮಾಸ್ ಶಾಸನವು, ಬಳಕೆದಾರನಿಗೆ ಲಿಖಿತ ಹೊಣೆಪತ್ರ ಕೊಟ್ಟವನು ಸೂಚ್ಯವಾದ ಹೊಣೆಯನ್ನು ಪೂರ್ತಿಯಾಗಿ ನಿರಾಕರಿಸಕೂಡದೆಂದು ವಿಧಿಸಿತು. ಪತ್ರದ ಅಕ್ಷರವು ಅದರ ಉದ್ದೇಶವನ್ನೇ ನುಂಗಲಾಗದೆಂಬುದು ಈ ಇತಿಹಾಸದ ಸಾರ.