ಕನ್ನಡಿಯನ್ನು ಅಳೆಯುವ ಬೆಳಕು

ದೂರದರ್ಶಕವೆಂದೊಡನೆ ನಮ್ಮ ಗಮನ ಅದರ ಗಾತ್ರದತ್ತ ಹರಿಯುವುದು ಸಹಜ. ಆದರೆ ಅದರ ಜೀವಾಳವಿರುವುದು ಕನ್ನಡಿಯ ಮೈಯಲ್ಲಿ. ಆ ಮೈ ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು ಏರುಪೇರಾದರೂ ನಕ್ಷತ್ರದ ಬಿಂಬ ಕೆಡತೊಡಗುತ್ತದೆ. ಇಷ್ಟು ಸೂಕ್ಷ್ಮವಾದುದನ್ನು ಯಾವ ಅಳತೆಪಟ್ಟಿಯಿಂದ ಅಳೆಯುವುದು? ಬೆಳಕಿನಿಂದಲೇ ಅಳೆಯಬೇಕು.

ಅದಕ್ಕೊಂದು ಸುಲಭೋಪಾಯವನ್ನು 1858ರಲ್ಲಿ ತೋರಿಸಿಕೊಟ್ಟವನು ಫ್ರಾನ್ಸಿನ ಲಿಯೋನ್ ಫೂಕೋ. ಸೂಜಿರಂಧ್ರದಿಂದ ಹೊರಟ ಬೆಳಕನ್ನು ನಿಮ್ನ ಕನ್ನಡಿಯ ಮೇಲೆ ಬಿಟ್ಟು, ಅದು ಮರಳಿ ಬಂದು ಕೂಡುವ ಬಿಂದುವಿಗೆ ಪಕ್ಕದಿಂದ ಚೂರಿಯ ಅಲಗನ್ನು ಮೆಲ್ಲನೆ ಸರಿಸಬೇಕು. ಮೈ ದೋಷರಹಿತ ಗೋಳಾಕಾರವಾಗಿದ್ದರೆ ಕನ್ನಡಿಯೆಲ್ಲ ಒಮ್ಮೆಗೇ ಸಮನಾಗಿ ಮಬ್ಬಾಗುತ್ತದೆ. ಇಲ್ಲವಾದರೆ ದಿಬ್ಬ ತಗ್ಗುಗಳು ನೆರಳಾಗಿ ಎದ್ದು ಕಾಣುತ್ತವೆ. ಸಾಮಾನ್ಯ ಗಾಜಿನ ಮೇಲೆ ಬೆರಳನ್ನು ಕ್ಷಣಕಾಲ ಒತ್ತಿದರೆ, ಅದರ ಶಾಖಕ್ಕೆ ಉಬ್ಬಿದ ಜಾಗ ಕೂಡ ಗುಡ್ಡದಂತೆ ತೋರುವುದುಂಟು!

ಹೈದರಾಬಾದಿನಲ್ಲಿ ನೆಲೆಸಿರುವ ನಮಗೆ ಈ ವಿಷಯ ಪರಕೀಯವಲ್ಲ. ಇಲ್ಲಿ 1901ರಲ್ಲಿ ನವಾಬ್ ಜಫರ್ ಜಂಗ್ ಆರಂಭಿಸಿದ ವೀಕ್ಷಣಾಲಯವೇ ಮುಂದೆ ನಿಜಾಮಿಯಾ ವೀಕ್ಷಣಾಲಯವೆನಿಸಿತು. ನಮ್ಮ ದಿಲ್‌ಸುಖ್‌ನಗರದಿಂದ ಆಗ್ನೇಯಕ್ಕೆ, ಇಬ್ರಾಹಿಂಪಟ್ಟಣದ ಆಚೆ, ಜಪಾಲ್-ರಂಗಾಪುರದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು 1960ರ ದಶಕದ ಕೊನೆಯಲ್ಲಿ 48 ಅಂಗುಲದ ದೂರದರ್ಶಕವನ್ನು ಸ್ಥಾಪಿಸಿತು. ಅದು ಅಮೆರಿಕದಿಂದ ಬಂದದ್ದು. ದೊಡ್ಡ ಕನ್ನಡಿಯನ್ನು ನಾವೇ ಏಕೆ ಮಾಡಬಾರದು?

ಆ ಕೆಲಸಕ್ಕೆ ಕೈಹಾಕಿದವರು ವೇಣು ಬಾಪು. ಅವರ ತಂದೆ ನಿಜಾಮಿಯಾದಲ್ಲೇ ಕೆಲಸದಲ್ಲಿದ್ದರು. ಬಾಪು ನಿಜಾಮ್ ಕಾಲೇಜಿನ ವಿದ್ಯಾರ್ಥಿ. ಅವರ ನಾಯಕತ್ವದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ 2.34 ಮೀಟರ್ ಅಗಲದ ಕನ್ನಡಿಯನ್ನು ರೂಪಿಸಹೊರಟಿತು. ಝೆರೋಡರ್ ಎಂಬ, ಶಾಖಕ್ಕೆ ಹಿಗ್ಗದಂಥ ಗಾಜು ಜರ್ಮನಿಯಿಂದ ಬಂತು. ಮಿಕ್ಕದ್ದೆಲ್ಲ ಎ. ಪಿ. ಜಯರಾಜನ್ ಮತ್ತು ಅವರ ಸಂಗಡಿಗರ ಕೈಚಳಕ. ಉಜ್ಜುವುದು, ಬೆಳಕು ಬಿಟ್ಟು ಪರೀಕ್ಷಿಸುವುದು, ಮತ್ತೆ ಉಜ್ಜುವುದು. ಒಂದೆಡೆ ಹೆಚ್ಚು ಉಜ್ಜಿದರೆ ಹೋದ ಗಾಜು ಮರಳಿ ಬಾರದು. ಉಳಿದ ಮೈಯನ್ನೆಲ್ಲ ಅದರ ಮಟ್ಟಕ್ಕೆ ಇಳಿಸಬೇಕು.

ಹೆಚ್ಚುಕಡಿಮೆ ಅದೇ ಕಾಲಕ್ಕೆ ಅಮೆರಿಕದಲ್ಲಿ ಹಬಲ್ ದೂರದರ್ಶಕದ 2.4 ಮೀಟರ್ ಕನ್ನಡಿಯೂ ಹೊಳಪು ಪಡೆಯುತ್ತಿತ್ತು. ಅದನ್ನು ಅಳೆಯುವ ಉಪಕರಣದಲ್ಲಿ ಒಂದು ಮಸೂರ 1.3 ಮಿಲಿಮೀಟರ್ ಆಚೀಚೆ ಕುಳಿತುಬಿಟ್ಟಿತ್ತು. ಬೇರೆ ಪರೀಕ್ಷೆಗಳು ದೋಷವನ್ನು ಸೂಚಿಸಿದರೂ, ಮುಖ್ಯ ಉಪಕರಣವೇ ಪ್ರಮಾಣವೆಂದು ನಂಬಿ ಅವನ್ನು ಬದಿಗಿಟ್ಟರು. ಕನ್ನಡಿಯ ಅಂಚು ಸುಮಾರು 2 ಮೈಕ್ರಾನಿನಷ್ಟು ತಪ್ಪಿತು. 1990ರಲ್ಲಿ ಆಕಾಶಕ್ಕೇರಿದ ಮೇಲೆ ಗುಟ್ಟು ರಟ್ಟಾಯಿತು. 1993ರಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸಬೇಕಾಯಿತು. ಫೂಕೋನ ಅಲಗಿನಂಥ ಸರಳ ಪರೀಕ್ಷೆಗೂ ಸಿಕ್ಕಿಬೀಳುವಷ್ಟು ದೊಡ್ಡ ದೋಷವದು.

ನಮ್ಮ ಕನ್ನಡಿ ತಮಿಳುನಾಡಿನ ಕಾವಲೂರಿನಲ್ಲಿ ನೆಲೆಗೊಂಡಿತು. ಆದರೆ ಅದರಲ್ಲಿ ಆಕಾಶವನ್ನು ಕಾಣುವ ಭಾಗ್ಯ ಬಾಪು ಅವರಿಗಿರಲಿಲ್ಲ, 1982ರಲ್ಲೇ ತೀರಿಕೊಂಡರು. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿಯವರು ಆ ದೂರದರ್ಶಕವನ್ನು ಉದ್ಘಾಟಿಸಿದಾಗ ಅದಕ್ಕೆ ಬಾಪು ಅವರ ಹೆಸರನ್ನೇ ಇಡಲಾಯಿತು.

ವಸ್ತುವನ್ನು ಅಳೆದರಷ್ಟೇ ಸಾಲದು, ಅಳತೆಗೋಲನ್ನೂ ಅಳೆದು ನೋಡಬೇಕು. ಕನ್ನಡಿಗಳ ಈ ಇತಿಹಾಸ ನಮಗೆ ಹೇಳುವ ಮಾತು ಇದೇ.