1089 ಘನ ಸೆಂಟಿಮೀಟರ್: ಒಂದು ಎಂಜಿನ್ನಿನ ಮುಂಬಯಿ ಚರಿತ್ರೆ

2023ರ ಅಕ್ಟೋಬರ್ ಕೊನೆಯಲ್ಲಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು ಮುಂಬಯಿಯ ರಸ್ತೆಗಳಿಂದ ಮರೆಯಾದಾಗ ಪತ್ರಿಕೆಗಳು ಅವನ್ನು ಬೀಳ್ಕೊಟ್ಟ ರೀತಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಕಪ್ಪು–ಹಳದಿ ಬಣ್ಣ, ಹೂವಿನ ಚಿತ್ತಾರದ ಸೀಟುಗಳು, ಮಳೆಗಾಲದ ಮರೀನ್ ಡ್ರೈವ್, ಹಳೆಯ ಹಿಂದಿ ಸಿನೆಮಾಗಳು. ಮುಂಬಯಿಯನ್ನು ಕುರಿತ ನಮ್ಮ ಕನ್ನಡ ಕಥೆಗಳಲ್ಲಿಯೂ ಟ್ಯಾಕ್ಸಿ ಬಂದು ನಿಲ್ಲುತ್ತದೆ, ಪಾತ್ರಗಳು ಹತ್ತಿ ಇಳಿಯುತ್ತವೆ. ಅದರ ಬಾನೆಟ್ಟು ಮಾತ್ರ ತೆರೆಯುವುದಿಲ್ಲ. ಈ ಬರಹದ ಉದ್ದೇಶ ಅದನ್ನು ತೆರೆದು ನೋಡುವುದು. ಏಕೆಂದರೆ ದಾದರಿನ ತಿರುವಿನಲ್ಲಿ ಏದುಸಿರು ಬಿಡುತ್ತ ಗೇರು ಬದಲಿಸುತ್ತಿದ್ದ ಆ ನಾಲ್ಕು ಸಿಲಿಂಡರಿನ ಎಂಜಿನ್ ಹುಟ್ಟಿನಿಂದ ಟ್ಯಾಕ್ಸಿಯ ಎಂಜಿನ್ ಆಗಿರಲಿಲ್ಲ. ಅದರ ವಂಶಾವಳಿಯಲ್ಲಿ ಇಟಲಿಯ ಓಟದ ಕಾರುಗಳಿವೆ.

ಇಟಲಿಯ ಟ್ಯೂರಿನ್ ನಗರದ ಫಿಯಟ್ ಕಂಪನಿ 1937ರಲ್ಲಿ ‘508 ಸಿ’ ಎಂಬ ಕುಟುಂಬದ ಕಾರನ್ನು ಹೊರತಂದಿತು. ಅದರ ಹಿಂದೆ ದುಡಿದವರಲ್ಲಿ ಮುಖ್ಯನಾದವನು ದಾಂತೆ ಜಕೋಸಾ. ಸಿಲಿಂಡರಿನ ವ್ಯಾಸ 68 ಮಿಲಿಮೀಟರ್, ಪಿಸ್ಟನ್ನಿನ ಓಡಾಟ 75 ಮಿಲಿಮೀಟರ್, ಒಟ್ಟು 1089 ಘನ ಸೆಂಟಿಮೀಟರ್. ಬ್ಲಾಕು ಬೀಡುಕಬ್ಬಿಣದ್ದು, ಹೆಡ್ಡು ಅಲ್ಯುಮಿನಿಯಮ್ಮಿನದು, ವಾಲ್ವುಗಳು ಮೇಲ್ಗಡೆ. ಶಕ್ತಿ 32 ಅಶ್ವಬಲ. ಹೆಚ್ಚಿನ ಸದ್ದಿಲ್ಲದೆ, ಹೆಚ್ಚು ಕುಡಿಯದೆ ನಾಲ್ಕು ಜನರನ್ನು ಸಾಗಿಸಬೇಕೆಂಬುದಷ್ಟೇ ತಯಾರಕರ ಅಪೇಕ್ಷೆ.

ಆದರೆ ಈ ಎಂಜಿನ್ನಿನಲ್ಲಿ ಇನ್ನೂ ಏನೋ ಅಡಗಿದೆಯೆಂದು ಗುರುತಿಸಿದವರು ಬೇಗನೆ ಕಾಣಿಸಿಕೊಂಡರು. 1940ರಲ್ಲಿ ಎಂಜೊ ಫೆರಾರಿ ತನ್ನ ಹೆಸರನ್ನಿನ್ನೂ ಹಾಕಲಾಗದಿದ್ದ ಮೊದಲ ಕಾರನ್ನು ಕಟ್ಟಿದಾಗ, ಈ ಫಿಯಟ್ಟಿನ ಎರಡು ಹೆಡ್ಡುಗಳನ್ನು ಸಾಲಾಗಿ ಕೂಡಿಸಿ ಎಂಟು ಸಿಲಿಂಡರಿನ ಎಂಜಿನ್ ಮಾಡಿದ. ಯುದ್ಧ ಮುಗಿದ ಮೇಲೆ ಚಿಸಿತಾಲಿಯಾ ಎಂಬ ಸಣ್ಣ ಸಂಸ್ಥೆಗಾಗಿ ಜಕೋಸಾನೇ ಇದೇ 1089 ಘನ ಸೆಂಟಿಮೀಟರಿನ ಎಂಜಿನ್ನನ್ನಿಟ್ಟು ‘ಡಿ46’ ಎಂಬ ಒಂಟಿ ಆಸನದ ಓಟದ ಕಾರು ರೂಪಿಸಿದ. ಶಕ್ತಿ ಸುಮಾರು 60 ಅಶ್ವಬಲಕ್ಕೆ ಏರಿತು. 1947ರ ಮಿಲ್ಲೆ ಮಿಲ್ಯಾ ಓಟದಲ್ಲಿ 54 ವರ್ಷದ, ಕಾಯಿಲೆಯಿಂದ ಜರ್ಝರಿತನಾಗಿದ್ದ ತಾತ್ಸಿಯೊ ನುವೊಲಾರಿ ಇದೇ ವಂಶದ ಎಂಜಿನ್ನಿದ್ದ ತೆರೆದ ಚಿಸಿತಾಲಿಯಾ ಕಾರನ್ನು ಸುರಿವ ಮಳೆಯಲ್ಲಿ ಓಡಿಸಿ ಎರಡನೆಯ ಸ್ಥಾನ ಪಡೆದ. ಅವನನ್ನು ಹಿಂದಿಕ್ಕಿದ್ದು ಎಂಟು ಸಿಲಿಂಡರಿನ, ಸುಮಾರು ಮೂರು ಲೀಟರಿನ ಆಲ್ಫಾ ರೋಮಿಯೊ. ಅದೇ 1947ರಲ್ಲಿ ಕುರ್ಲಾದ ಪ್ರೀಮಿಯರ್ ಕಾರಖಾನೆ ತನ್ನ ಮೊದಲ ವಾಹನಗಳನ್ನು ಜೋಡಿಸುತ್ತಿತ್ತು.

ಗಾತ್ರವನ್ನು ಹಿಗ್ಗಿಸದೆ ಶಕ್ತಿಯನ್ನು ಇಮ್ಮಡಿಗೊಳಿಸುವುದೆಂದರೆ ಏನು? ಎಂಜಿನ್ನೆಂದರೆ ಮೂಲತಃ ಗಾಳಿಯನ್ನು ಎಳೆದು ಹೊರಹಾಕುವ ಪಂಪು. ಹೆಚ್ಚು ಗಾಳಿ, ಹೆಚ್ಚು ಬಿಗಿಯಾಗಿ, ಹೆಚ್ಚು ಸಲ: ಕುಶಲಕರ್ಮಿಯ ವಿದ್ಯೆಯೆಲ್ಲ ಈ ಮೂರರಲ್ಲಿದೆ. ಬಿಗಿಯ ಮಾತನ್ನು ಮೊದಲು ನೋಡೋಣ. ಈ ಎಂಜಿನ್ನಿನ ಒಂದು ಸಿಲಿಂಡರು ಸುಮಾರು 272 ಘನ ಸೆಂಟಿಮೀಟರಿನದು. ಸಂಕೋಚನದ ಅನುಪಾತ 7 ಇದ್ದರೆ ಪಿಸ್ಟನ್ನು ತುದಿ ಮುಟ್ಟಿದಾಗ ಮೇಲೆ ಉಳಿಯುವ ಜಾಗ 45 ಘನ ಸೆಂಟಿಮೀಟರ್. ಅನುಪಾತ 9 ಆಗಬೇಕಿದ್ದರೆ 34. ನಡುವಿನ ಅಂತರ ಹನ್ನೊಂದು, ಎಂದರೆ ಎರಡು ಚಹಾ ಚಮಚ. ಆ ಎರಡು ಚಮಚದ ಜಾಗವನ್ನು ಇಲ್ಲವಾಗಿಸಲು ಹೆಡ್ಡಿನ ಅಡಿಯ ಮೈಯನ್ನು ಯಂತ್ರಕ್ಕೆ ಕೊಟ್ಟು ತೆಳುವಾಗಿ ಹೆರೆಯುತ್ತಾರೆ. ಸ್ವಲ್ಪ ಹೆಚ್ಚು ಹೆರೆದರೆ ವಾಲ್ವು ಪಿಸ್ಟನ್ನಿಗೆ ತಾಗುತ್ತದೆ. ಇನ್ನೂ ಹೆಚ್ಚಾದರೆ ಹೆಡ್ಡು ಬಲ ಕಳೆದುಕೊಂಡು, ಒಮ್ಮೆ ಕಾವೇರಿದೊಡನೆ ಬಾಗುತ್ತದೆ. ಅಲ್ಯುಮಿನಿಯಂ ಕ್ಷಮಿಸುವ ಲೋಹವಲ್ಲ.

ಮಿಕ್ಕದ್ದು ಉಸಿರಾಟದ ವಿಷಯ. ಗಾಳಿ ಬರುವ ದಾರಿಯ ಒರಟನ್ನು ತಿಕ್ಕಿ ನುಣುಪು ಮಾಡುವುದು, ವಾಲ್ವಿನ ಬಾಯನ್ನು ಅಗಲಿಸುವುದು, ವಾಲ್ವು ಹೆಚ್ಚು ಹೊತ್ತು ತೆರೆದಿರುವಂತೆ ಕ್ಯಾಮ್‌ಶಾಫ್ಟನ್ನು ಮರಳಿ ಅರೆಯುವುದು, ಒಂದು ಕಾರ್ಬ್ಯುರೇಟರಿನ ಜಾಗದಲ್ಲಿ ಎರಡನ್ನು ಕೂರಿಸುವುದು. ಇವೆಲ್ಲಕ್ಕೂ ಬೆಲೆ ಉಂಟು. ಕ್ಯಾಮ್ ಬದಲಿಸಿದ ಎಂಜಿನ್ ಮೇಲಿನ ವೇಗದಲ್ಲಿ ಹಾಡುತ್ತದೆ, ಸಿಗ್ನಲ್ಲಿನಲ್ಲಿ ನಿಂತಾಗ ಕೆಮ್ಮುತ್ತದೆ. ಮೂರೇ ಬೇರಿಂಗುಗಳ ಮೇಲೆ ಕುಳಿತ ಕ್ರ್ಯಾಂಕ್‌ಶಾಫ್ಟಿಗೂ ಸಹನೆಯ ಮಿತಿಯಿದೆ. ಆದ್ದರಿಂದ ಒಳ್ಳೆಯ ಟ್ಯೂನರ್ ಶಕ್ತಿಯನ್ನು ಹುಡುಕುವ ಮೊದಲು ನಾಲ್ಕು ಪಿಸ್ಟನ್ನು, ನಾಲ್ಕು ಕನೆಕ್ಟಿಂಗ್ ರಾಡುಗಳನ್ನು ತಕ್ಕಡಿಯಲ್ಲಿಟ್ಟು ಸಮತೂಕ ಮಾಡುತ್ತಾನೆ. ನೋಡುವವರಿಗೆ ಕಾಣದ ಕೆಲಸ ಅದು. ಎಂಜಿನ್ನಿನ ಆಯುಷ್ಯ ನಿಂತಿರುವುದು ಅದರ ಮೇಲೆಯೇ.

ಮುಂಬಯಿಗೆ ಈ ಎಂಜಿನ್ ಬಂದದ್ದು ಬಳಸುದಾರಿಯಲ್ಲಿ. ವಾಲಚಂದ್ ಹೀರಾಚಂದರು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದಾಗ ಕೈಜೋಡಿಸಿದ್ದು ಅಮೆರಿಕದ ಕ್ರೈಸ್ಲರ್ ಜೊತೆ. ಫಿಯಟ್ಟಿನ ಸಂಬಂಧ ಬೆಳೆದದ್ದು ಆಮೇಲೆ. 1953ರಲ್ಲಿ ಟ್ಯಾರಿಫ್ ಕಮಿಷನ್, ಬಿಡಿಭಾಗಗಳನ್ನು ತರಿಸಿ ಜೋಡಿಸುವುದಷ್ಟೇ ಸಾಲದು, ಇಲ್ಲಿಯೇ ತಯಾರಿಸುವವರಿಗೆ ಮಾತ್ರ ಅವಕಾಶ ಎಂದಿತು. ಜನರಲ್ ಮೋಟಾರ್ಸ್, ಫೋರ್ಡ್ ಹೊರಟುಹೋದವು. ಕುರ್ಲಾ ಫಿಯಟ್ 1100ನ್ನು ಹಿಡಿದು ನಿಂತಿತು. ಅದೇ 1953ರಲ್ಲಿ ಇಟಲಿಯಲ್ಲಿ ಫಿಯಟ್ ಸ್ವತಃ ಈ ಕಾರಿನ ಚುರುಕು ರೂಪವೊಂದನ್ನು, ‘ಟಿವಿ’ ಎಂಬ ಹೆಸರಿನಿಂದ, ಸುಮಾರು 50 ಅಶ್ವಬಲದೊಡನೆ ಬಿಡುಗಡೆ ಮಾಡಿತ್ತು. ಕುರ್ಲಾ ಆರಿಸಿಕೊಂಡದ್ದು ಸಾಧಾರಣ ರೂಪವನ್ನು. ದೇಶಕ್ಕೆ ಬೇಕಿದ್ದದ್ದು ಬಾಳಿಕೆ. ಆ ಆಯ್ಕೆಯನ್ನು ತಪ್ಪೆನ್ನಲಾರೆ.

ತಪ್ಪು, ಅಥವಾ ದುರ್ದೈವ, ಅದು ಅಲ್ಲಿಯೇ ಹೆಪ್ಪುಗಟ್ಟಿದ್ದು. ಇಟಲಿಯಲ್ಲಿ 1100ರ ತಯಾರಿಕೆ 1969ರಲ್ಲಿ ನಿಂತಿತು. ಇಲ್ಲಿ ಅದು ಡಿಲೈಟ್ ಆಗಿ, 1970ರ ದಶಕದಲ್ಲಿ ಪ್ರೆಸಿಡೆಂಟ್, ಆಮೇಲೆ ಪದ್ಮಿನಿಯಾಗಿ ಶತಮಾನದ ಅಂಚಿನವರೆಗೂ ನಡೆಯಿತು. ಎಷ್ಟು ಕಾರು ತಯಾರಿಸಬೇಕೆಂಬುದಕ್ಕೆ ಪರವಾನಗಿ, ಯಂತ್ರ ತರಿಸಲು ಪರವಾನಗಿ. 1969ರಲ್ಲಿ ಮಾರುವ ಬೆಲೆಯನ್ನೂ ಸರಕಾರ ನಿಗದಿಪಡಿಸಿತು, ಅದರ ವಿರುದ್ಧ ಪ್ರೀಮಿಯರ್ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೊಳ್ಳುವವರು ವರ್ಷಗಟ್ಟಲೆ ಸರದಿಯಲ್ಲಿ ನಿಂತಿರುವಾಗ ಎಂಜಿನ್ನನ್ನು ಸುಧಾರಿಸುವ ತುರ್ತು ಯಾರಿಗಿದ್ದೀತು? 1937ರ 32 ಅಶ್ವಬಲ ಪದ್ಮಿನಿಯ ಹೊತ್ತಿಗೆ ಸುಮಾರು 40ಕ್ಕೆ ಬಂದಿತ್ತು. ಟ್ಯೂರಿನ್ನಿನ ಕಮ್ಮಟಗಳು ಹತ್ತೇ ವರ್ಷದಲ್ಲಿ ದಾಟಿದ ದೂರವನ್ನು ಕಾರಖಾನೆಗಳು ಆರು ದಶಕಗಳಲ್ಲಿಯೂ ದಾಟಲಿಲ್ಲ.

ದಾಟಿದವರು ಗ್ಯಾರೇಜಿನವರು. ಮದರಾಸಿನ ಹೊರವಲಯದ ಶೋಲಾವರಂನಲ್ಲಿ, ಎರಡನೆಯ ಮಹಾಯುದ್ಧ ಕಾಲದ ವಿಮಾನಪಟ್ಟಿಯ ಮೇಲೆ, ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ವರ್ಷವರ್ಷವೂ ಓಟಗಳನ್ನು ನಡೆಸುತ್ತಿತ್ತು. ದೇಶೀ ಕಾರುಗಳ ವರ್ಗದಲ್ಲಿ ಓಡಲು ಫಿಯಟ್ಟನ್ನು ಬಿಟ್ಟರೆ ಹೆಚ್ಚಿನ ಆಯ್ಕೆಯಿರಲಿಲ್ಲ. ವಿದೇಶದ ಕಾರ್ಬ್ಯುರೇಟರಿಗೆ ಆಮದು ಸುಂಕ, ಓಟದ ಪಿಸ್ಟನ್ನು ಸಿಗುವುದೇ ಇಲ್ಲ. ಹೀಗಾಗಿ ಇಟಲಿಯಲ್ಲಿ ಕಾರಖಾನೆಯ ಬೆಂಬಲದಿಂದ ಆದದ್ದು ಇಲ್ಲಿ ಲೇತು, ಅರ, ಮರಳುಕಾಗದಗಳಿಂದ ಆಗಬೇಕಾಯಿತು. ಒಪೆರಾ ಹೌಸಿನ ಬಿಡಿಭಾಗದ ಅಂಗಡಿಗಳು, ಚೋರ್ ಬಜಾರು, ಕುರ್ಲಾದ ಗುಜರಿ ಸಾಲು – ಬೇರೆ ಯಾವುದೋ ಕಾರಿನ ವಾಲ್ವೊಂದು ಇದಕ್ಕೆ ಹೊಂದೀತೇ ಎಂದು ವರ್ನಿಯರ್ ಹಿಡಿದು ಹುಡುಕುವವರಿಗೆ ಮುಂಬಯಿಯಷ್ಟು ಅನುಕೂಲವಾದ ಊರು ದೇಶದಲ್ಲಿ ಇನ್ನೊಂದಿರಲಿಲ್ಲ. 1980ರ ದಶಕದಲ್ಲಿ ನಮ್ಮ ಬೆಂಗಳೂರಿನ ಸಿಪಾನಿಯವರು ಡಾಲ್ಫಿನ್ ಎಂಬ ಪುಟ್ಟ ಕಾರು ತಂದರು: ಫೈಬರ್ ಗಾಜಿನ ಮೈ, 848 ಘನ ಸೆಂಟಿಮೀಟರಿನ ಅಲ್ಯುಮಿನಿಯಂ ಎಂಜಿನ್. ಮಾರುಕಟ್ಟೆಯಲ್ಲಿ ಸೋತ ಆ ಕಾರು ಓಟದ ಪಟ್ಟಿಯಲ್ಲಿ ಫಿಯಟ್ಟುಗಳನ್ನು ಬೆವರಿಳಿಸಿತು. ಎಂಜಿನ್ನಿಗೆ ಬಲ ತುಂಬುವುದಕ್ಕಿಂತ ಮೈಭಾರ ಇಳಿಸುವುದು ಸುಲಭವೆಂಬ ಹಳೆಯ ಪಾಠವನ್ನು ಅದು ಮತ್ತೊಮ್ಮೆ ಕಲಿಸಿತು.

ಆದರೆ ಓಟದವರು ಬೆರಳೆಣಿಕೆಯವರು. ಈ ಎಂಜಿನ್ನನ್ನು ನಿಜವಾಗಿ ದಿನದಿನವೂ ಟ್ಯೂನ್ ಮಾಡಿದವರು ಟ್ಯಾಕ್ಸಿಯ ಮಿಸ್ತ್ರಿಗಳು; ಅವರ ದಿಕ್ಕು ತೀರ ಎದುರು. ಚಾಲಕನ ಬಾಯಲ್ಲಿದ್ದದ್ದು ಎರಡೇ ಪದ, ‘ಪಿಕಪ್’ ಮತ್ತು ‘ಎವರೇಜ್’. ಎರಡರಲ್ಲಿ ಹೊಟ್ಟೆ ತುಂಬಿಸುವುದು ಎರಡನೆಯದು. ಕಾರ್ಬ್ಯುರೇಟರಿನ ಜೆಟ್ಟನ್ನು ಕಿರಿದಾಗಿಸಿ ಪೆಟ್ರೋಲಿನ ಹರಿವು ತಗ್ಗಿಸುತ್ತಿದ್ದರು. ಸಾಮಾನ್ಯ ಪೆಟ್ರೋಲಿನ ಆಕ್ಟೇನ್ ಸಂಖ್ಯೆ ಬಹುಕಾಲ 87ರಷ್ಟೇ ಇತ್ತು. ಅದಕ್ಕೆ ಸೀಮೆಎಣ್ಣೆ ಬೆರೆತಾಗ ಎಂಜಿನ್ ಕಟಕಟನೆ ಬಡಿದುಕೊಳ್ಳುತ್ತಿತ್ತು. ಆಗ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ ಕಿಡಿಯನ್ನು ತಡಮಾಡಬೇಕು. ಉಪಕರಣವಿಲ್ಲದೆ, ಕಿವಿಯೊಂದರಿಂದಲೇ ಅಷ್ಟು ನಿಖರವಾಗಿ ತಿರುಗಿಸುವ ಕೈಗೂ ಓಟದ ಎಂಜಿನ್ ಕಟ್ಟುವ ಕೈಗೂ ಕೌಶಲದಲ್ಲಿ ಭೇದವಿಲ್ಲವೆಂದೇ ನನ್ನ ಅಭಿಪ್ರಾಯ. ಭೇದವಿರುವುದು ಚರಿತ್ರೆ ಯಾರನ್ನು ನೆನೆಯುತ್ತದೆ ಎಂಬುದರಲ್ಲಿ.

ಹೊಸ ಶತಮಾನದ ಆರಂಭದಲ್ಲಿ ಹೊಗೆಯ ವಿರುದ್ಧದ ಮೊಕದ್ದಮೆಯಲ್ಲಿ ಬಾಂಬೆ ಹೈಕೋರ್ಟಿನ ಆದೇಶಗಳು ಬಂದು, ಹಳೆಯ ಟ್ಯಾಕ್ಸಿಗಳು ಸಿಎನ್‌ಜಿಗೆ ಬದಲಾದವು. ಗಾಳಿಯ ದೃಷ್ಟಿಯಿಂದ ಅದು ಅಗತ್ಯವೇ ಆಗಿತ್ತು. ಎಂಜಿನ್ನಿನ ದೃಷ್ಟಿಯಿಂದ ಅದೊಂದು ವಿಚಿತ್ರ ಪ್ರಸಂಗ. ಸಿಎನ್‌ಜಿಯ ಆಕ್ಟೇನ್ ಸಂಖ್ಯೆ 120ಕ್ಕೂ ಮೇಲೆ. ಓಟದವರು ಕನಸು ಕಾಣುತ್ತಿದ್ದ ಸಂಕೋಚನವನ್ನು ಅದು ಸಲೀಸಾಗಿ ತಾಳಬಲ್ಲದು. ಆದರೆ ಅದೇ ಟ್ಯಾಕ್ಸಿ ಪೆಟ್ರೋಲಿನಲ್ಲಿಯೂ ಓಡಬೇಕಾದ್ದರಿಂದ ಹೆಡ್ಡನ್ನು ಮುಟ್ಟುವಂತಿಲ್ಲ. ಅನಿಲವು ಗಾಳಿಯ ಜಾಗವನ್ನು ತಾನೇ ತುಂಬಿಕೊಳ್ಳುವುದರಿಂದ, ಇದ್ದ ಶಕ್ತಿಯಲ್ಲಿ ಹತ್ತನೆಯ ಒಂದು ಪಾಲಿಗೂ ಮಿಕ್ಕಿ ಕಳೆದುಹೋಯಿತು. ಒಣ ಇಂಧನಕ್ಕೆ ವಾಲ್ವಿನ ಪೀಠಗಳು ಸವೆದವು. ಸಿಲಿಂಡರು ಡಿಕ್ಕಿಯನ್ನು ನುಂಗಿತು, ಪ್ರಯಾಣಿಕರ ಪೆಟ್ಟಿಗೆಗಳು ಮಾಡಿನ ಮೇಲೇರಿದವು. 

ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಬಿಗಿಯಾಗಿಯೇ ಅರ್ಥೈಸಿತು. ಇಂಧನ ಬದಲಿಸುವ ಕಿಟ್ಟಿಗೆ ಮಾತ್ರ ಆ ಕಲಮಿನಲ್ಲಿಯೇ ವಿನಾಯಿತಿಯಿದೆ. ಹೀಗೆ ಈ ಎಂಜಿನ್ನಿನ ಉದ್ದನೆಯ ಬಾಳಿನಲ್ಲಿ ಕಾನೂನು ಮನಸಾರೆ ಒಪ್ಪಿದ ಮಾರ್ಪಾಡೆಂದರೆ ಅದರ ಬಲ ಕುಂದಿಸಿದ್ದೊಂದೇ.

ಕೊನೆಯ ಪದ್ಮಿನಿ ಟ್ಯಾಕ್ಸಿ ತಾರ್ದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ ಆಯುಷ್ಯದ ಮಿತಿ 20 ವರ್ಷ. ಕುರ್ಲಾದ ಕಾರಖಾನೆಯ ನೆಲದಲ್ಲಿ ಈಗ ಕೊಹಿನೂರ್ ಸಿಟಿಯ ವಸತಿ ಕಟ್ಟಡಗಳಿವೆ. ಪಕ್ಕದ ರಸ್ತೆಗೆ ಪ್ರೀಮಿಯರ್ ಎಂಬ ಹೆಸರು ಉಳಿದಿದೆ. ಖಾಸಗಿ ಪದ್ಮಿನಿಗಳನ್ನು ಉಳಿಸಿಕೊಂಡವರು ಇಂದು ಅವನ್ನು ಮೂಲರೂಪಕ್ಕೆ ಮರಳಿಸಲು ಹೆಣಗುತ್ತಾರೆ. ಹೆಡ್ಡು ಬಿಚ್ಚಿದಾಗ ಅವರು ಮೊದಲು ಮಾಡುವುದು ಅದರ ದಪ್ಪವನ್ನು ಅಳೆಯುವುದು. ಹಿಂದೆ ಯಾರೋ ಎಷ್ಟು ಹೆರೆದಿದ್ದಾರೆ, ಬಾಗಿದ್ದನ್ನು ಸರಿಪಡಿಸಲೋ ವೇಗಕ್ಕಾಗಿಯೋ ಎಂಬುದನ್ನು ಆ ಒಂದು ಅಳತೆಯಿಂದಲೇ ಊಹಿಸಬೇಕು. ಬೇರೆ ಯಾವ ಕಾಗದಪತ್ರವೂ ಇರುವುದಿಲ್ಲ. ಕಳೆದ ಲೋಹವನ್ನು ಮರಳಿ ಸೇರಿಸಲಾಗದ್ದರಿಂದ, ದಪ್ಪನೆಯ ಗ್ಯಾಸ್ಕೆಟ್ಟೊಂದನ್ನು ಕತ್ತರಿಸಿ ನಡುವೆ ಇಡುತ್ತಾರೆ.